ಬಲತೋಳಿನ ಅಳತೆ

ಜಂಪರಿನ ಕಾಗದದ ನಮೂನೆಗೆ ಹುಬ್ಬಳ್ಳಿಯಲ್ಲಿ ಐದು ರೂಪಾಯಿ ಸುರಿದೆ. ನವಲಗುಂದದ ನಮ್ಮ ದರ್ಜಿಯ "ನಾಳಿ ಬರ್ರಿ" ಕೇಳಿ ಕೇಳಿ ಸಾಕಾಗಿತ್ತು. ತಂಗಿಯ ಮದುವೆಗೆಂದು ತವರಿನವರು ಕೊಟ್ಟ ಒಂದೇ ಖಣವನ್ನು ಆ ನಮೂನೆಯಂತೆಯೇ ಕತ್ತರಿಸಿ ಹೊಲಿದೆ. ಎಡತೋಳು ಸಲೀಸಾಗಿ ಏರಿತು. ಬಲತೋಳು ಮೊಳಕೈ ದಾಟಲಿಲ್ಲ. ಮರುದಿನವೇ ಮದುವೆ!

ಪಕ್ಕದ ಮನೆಯ ಗಂಗವ್ವ ಹೊಟ್ಟೆ ಹಿಡಿದು ನಕ್ಕಳು. "ನೀ ದಿನಾ ನಲವತ್ತ ರೊಟ್ಟಿ ಬಡೀತಿ ಅಂತ ಆ ಕಾಗದಕ್ಕ ಯಾರ ಹೇಳ್ಬೇಕಬೇ? ಅದನ್ನ ಬರದಾಕಿ ಬ್ರೆಡ್ ತಿಂದ ಬೆಳದಿರಬೇಕ, ತಗೋ!"

ಉಳಿದ ತುಂಡನ್ನು ಬಲತೋಳಿನ ಅಂಚಿನಿಂದ ಕಂಕುಳಿನವರೆಗೂ ಕೂಡಿಸಿ ಅವಳೇ ಮಾನ ಉಳಿಸಿದಳು.

ಅಕ್ಕಂದಿರೇ, ಕೊಂಡು ತಂದ ನಮೂನೆಯನ್ನು ಮೊದಲು ಹಳೇ ಧೋತರದ ಮೇಲೆ ಕತ್ತರಿಸಿ ನೋಡಿ. ತೋಳಿನ ಅಳತೆಯನ್ನು ಬಲಗೈಯ ಮೇಲೆಯೇ ತೆಗೆಯಿರಿ, ಅದೂ ಮುಷ್ಟಿ ಬಿಗಿದು. ರೊಟ್ಟಿ ಬಡಿಯುವವರ ಎಡಗೈ ಸುಳ್ಳು ಹೇಳುತ್ತದೆ.