ಹತ್ತೊಂಬತ್ತನೇ ನಿಲ್ದಾಣದ ರಾಣಿ

ಆ ಬಸ್ಸು ಹತ್ತಿದವರಿಗೆ ಟಿಕೆಟ್ಟಿನ ಜೊತೆಗೆ ಒಂದಿಷ್ಟು ಚರಿತ್ರೆಯೂ ಕಡ್ಡಾಯವಾಗಿ ಸಿಗುತ್ತಿತ್ತು. ಬೇಡ ಅಂದರೂ ಬಿಡುತ್ತಿರಲಿಲ್ಲ. "ನಿಮ್ಮ ಎಡಗಡೆ ಕಾಣ್ತಿದೆಯಲ್ಲ ಗೋಡೆ, ಅದು ಗೋಡೆ ಅಲ್ಲ, ಕೋಟೆ" ಎಂದು ಕಂಡಕ್ಟರ್ ಶುರುಮಾಡಿದನೆಂದರೆ ಎಡಗಡೆ ಕೂತವರೆಲ್ಲ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಬಲಗಡೆಯವರು ಸದ್ಯ ಬಚಾವಾದೆವು ಎಂದುಕೊಳ್ಳುವಷ್ಟರಲ್ಲಿ ಅವರ ಕಡೆಗೂ ಒಂದು ಹಾಳುಬಾವಿ ಬಂದುಬಿಡುತ್ತಿತ್ತು. ಹೀಗಾಗಿ ಅವನಿಗೆ ಚರಿತ್ರೆ ಕಂಡಕ್ಟರ್ ಎಂಬ ಹೆಸರು ಬಿದ್ದಿತ್ತು. ಸ್ವಂತ ಹೆಸರು ಡಿಪೋದ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವನ ಹುಚ್ಚಿಗೆ ಮದ್ದಿರಲಿಲ್ಲ. ವಾರಕ್ಕೊಂದು ರಜೆ ಸಿಕ್ಕರೆ ಅವತ್ತೂ ಅದೇ ಬಸ್ಸು ಹತ್ತಿ, ಯಾವುದೋ ನಿಲ್ದಾಣದಲ್ಲಿ ಇಳಿದು, ಪೊದೆ ನುಗ್ಗಿ, ಸಂಜೆ ಮೈಯೆಲ್ಲ ಪರಚಿಕೊಂಡು ಮನೆಗೆ ಬರುತ್ತಿದ್ದ. ಜೇಬಿನಲ್ಲಿ ಮಡಕೆ ಚೂರುಗಳಿರುತ್ತಿದ್ದವು. ಒಂದು ಚೂರಿಗೆ "ಸುಮಾರು ಸಾವಿರ ವರ್ಷ" ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿ ಇಟ್ಟಿದ್ದ. ಟೈಲರಿಂಗ್ ಮಾಡುತ್ತಿದ್ದ ಅವನ ಹೆಂಡತಿ ಅದನ್ನು ತಿರುಗಿಸಿ ನೋಡಿ, "ಇದು ಪಕ್ಕದ ಮನೆಯವರ ಹೂವಿನ ಕುಂಡ ಕಣ್ರೀ, ಹೋದ ತಿಂಗಳು ಒಡೀತಲ್ಲ" ಅಂದಳು. ಅವತ್ತು ಅವನು ಊಟ ಬಿಟ್ಟು ಮುಖ ಊದಿಸಿಕೊಂಡು ಮಲಗಿದ.

ಟ್ರಿಪ್ ಮುಗಿದ ಮೇಲೆ ಡಿಪೋಗೆ ಒಪ್ಪಿಸುವ ಹಾಳೆಯಲ್ಲೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. "ಹನ್ನೆರಡನೇ ನಿಲ್ದಾಣ: ಇಳಿದವರು ಇಬ್ಬರು, ತಲೆಯಿಲ್ಲದ ವಿಗ್ರಹ ಒಂದು" ಎಂದು ಬರೆದುಕೊಟ್ಟಿದ್ದಕ್ಕೆ ಒಂದು ಮೆಮೊ ಬಂದಿತ್ತು. ವಿಗ್ರಹಕ್ಕೆ ಟಿಕೆಟ್ ಕೊಡಲಾಗಿದೆಯೇ ಎಂದು ಅದರಲ್ಲಿ ಕೇಳಿದ್ದರು.

ಆದರೆ ಒಂದು ವಿಷಯದಲ್ಲಿ ಅವನು ಕಟ್ಟುನಿಟ್ಟು. ಊರಿನ ವಾರಪತ್ರಿಕೆಯಲ್ಲಿ ಅವನದೊಂದು ಅಂಕಣ ಬರುತ್ತಿತ್ತು, ತನ್ನ ದಾರಿಯ ಒಂದೊಂದು ನಿಲ್ದಾಣದ ಮೇಲೂ ಒಂದೊಂದು ಲೇಖನ. ಹೂಕುಂಡದ ಅವಮಾನವಾದ ಮೇಲೆ ಅವನೊಂದು ನಿಯಮ ಹಾಕಿಕೊಂಡಿದ್ದ: ಕಣ್ಣಾರೆ ಕಂಡಿರಬೇಕು, ಇಲ್ಲವೇ ಇಬ್ಬರ ಬಾಯಿಂದ ಬೇರೆ ಬೇರೆಯಾಗಿ ಕೇಳಿರಬೇಕು. ಅದಿಲ್ಲದೆ ಒಂದಕ್ಷರ ಬರೆಯುತ್ತಿರಲಿಲ್ಲ. ಈ ನಿಯಮ ನೋಡಿಯೇ ನಿವೃತ್ತ ಚರಿತ್ರೆ ಮೇಷ್ಟ್ರು, ಯಾರನ್ನೂ ಸುಲಭಕ್ಕೆ ಒಪ್ಪದ ಮನುಷ್ಯ, ಅವನ ಪುಸ್ತಕಕ್ಕೆ ಮುನ್ನುಡಿ ಬರೆಯಲು ಒಪ್ಪಿದ್ದರು. ಮೂವತ್ತೊಂದು ನಿಲ್ದಾಣ, ಮೂವತ್ತೊಂದು ಅಧ್ಯಾಯ. ಪುಸ್ತಕ ಅಚ್ಚಿನ ಮನೆಗೆ ಹೋಗಿಯೂ ಆಗಿತ್ತು.

ಅದರಲ್ಲಿ ಹತ್ತೊಂಬತ್ತನೆಯದು ಕಿರೀಟದಂಥ ಅಧ್ಯಾಯ. ಆ ನಿಲ್ದಾಣದಲ್ಲಿ ರಸ್ತೆ ಕಡಿದಾಗಿ ತಿರುಗುತ್ತದೆ. ತಿರುವಿನಲ್ಲಿ ಒಂದು ಕರೀ ಬಂಡೆ, ಬಂಡೆಯ ಮೇಲೆ ಬಟ್ಟಲಿನಷ್ಟು ಒಂದು ಗುಳಿ. ದಿನಾ ಪೇಟೆಗೆ ಸೊಪ್ಪು ಮಾರಲು ಹೋಗುವ ಅಜ್ಜಿಯೊಬ್ಬಳು ಅಲ್ಲೇ ಹತ್ತುತ್ತಿದ್ದಳು. ಒಂದು ದಿನ ಅವಳು ಗುಳಿಯನ್ನು ತೋರಿಸಿ, "ಇದು ರಾಣಿ ಮೊಣಕಾಲು ಕಣಪ್ಪಾ" ಅಂದಳು. ಕಂಡಕ್ಟರ್‌ನ ಕಿವಿ ನೆಟ್ಟಗಾಯಿತು.

"ಹಿಂದೆ ಒಬ್ಳು ರಾಣಿ ಇದ್ಳು. ಮಹಾ ಜಂಬದೋಳು. ರಥ ಹತ್ತಿದ್ರೆ ಒಳಗೆ ಕೂರೋಳಲ್ಲ, ಬಾಗಿಲಲ್ಲೇ ನಿಲ್ಲೋಳು, ಗಾಳಿಗೆ ಸೆರಗು ಹಾರಿಸ್ಕೊಂಡು. ಸಾರಥಿ ಪಾಪ ಮೂರು ಸಲ ಹೇಳ್ದ. ಅಮ್ಮಾ, ಒಳಗೆ ಬನ್ನಿ, ಹಿಂದೆ ಜಾಗ ಇದೆ ಅಂತ. ಕೇಳ್ಲಿಲ್ಲ. ಈ ತಿರುವಿಗೆ ಬಂತು ನೋಡು ರಥ, ದಢಾರ್ ಅಂತ ಬಿದ್ಳು. ಅದೇ ಗುಳಿ."

ಕಂಡಕ್ಟರ್ ನಿಯಮ ಮರೆಯಲಿಲ್ಲ. ಸುತ್ತಲ ಮನೆಗಳಿಗೆಲ್ಲ ಹೋಗಿ ವಿಚಾರಿಸಿದ. ಇಬ್ಬರಲ್ಲ, ಹನ್ನೊಂದು ಜನ ಅದೇ ಕಥೆ ಹೇಳಿದರು. ಹನ್ನೊಂದು ಜನರ ಕಥೆಯಲ್ಲೂ ಸಾರಥಿ ಮೂರೇ ಸಲ ಹೇಳಿದ್ದ, ಅದೇ ಮಾತು ಹೇಳಿದ್ದ. ಇಷ್ಟು ಗಟ್ಟಿ ಸಾಕ್ಷಿ ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಲೇಖನ ಪತ್ರಿಕೆಯಲ್ಲಿ ಬಂದಾಗ ಊರೇ ಮಾತಾಡಿಕೊಂಡಿತು. ಮೇಷ್ಟ್ರಂತೂ ಮುನ್ನುಡಿಯಲ್ಲಿ ಒಂದು ಇಡೀ ಪುಟ ಅದಕ್ಕೇ ಮೀಸಲಿಟ್ಟರು. "'ಹಿಂದೆ ಜಾಗ ಇದೆ' ಎಂಬ ಸಾರಥಿಯ ಮಾತು ಆ ಕಾಲದ ರಥಗಳ ವಿಸ್ತಾರಕ್ಕೆ ಅಪೂರ್ವವಾದ ಪುರಾವೆ" ಎಂದು ಬರೆದರು.

ಅಷ್ಟರಲ್ಲಿ ಸಾರಿಗೆ ಕಚೇರಿಯಿಂದ ಒಂದು ಸುದ್ದಿ ಬಂತು. ಬಸ್ಸು ಬೇಗ ಓಡಬೇಕು, ಆದ್ದರಿಂದ ಸಣ್ಣಪುಟ್ಟ ನಿಲ್ದಾಣಗಳನ್ನು ತೆಗೆಯುತ್ತೇವೆ. ಪಟ್ಟಿಯಲ್ಲಿ ಮೊದಲನೆಯದೇ ಹತ್ತೊಂಬತ್ತನೆಯದು. ಅದು ಹೋದರೆ ಸೊಪ್ಪಿನ ಅಜ್ಜಿ ಎರಡು ಹೊರೆ ಹೊತ್ತು ಏರು ದಾರಿಯಲ್ಲಿ ಎರಡು ಮೈಲಿ ನಡೆಯಬೇಕು. ಎಪ್ಪತ್ತು ದಾಟಿದ ಮೊಣಕಾಲಿಗೆ ಅದು ಆಗುವ ಮಾತಲ್ಲ, ಅಂದರೆ ಪೇಟೆಯೂ ನಿಂತಂತೆ, ವ್ಯಾಪಾರವೂ ನಿಂತಂತೆ. ಅಲ್ಲಿನವರು ಸುಮ್ಮನೆ ಕೂರಲಿಲ್ಲ. ನಮ್ಮದು ಐತಿಹಾಸಿಕ ಸ್ಥಳ ಎಂದು ಅರ್ಜಿ ಬರೆದು, ಅದರ ಜೊತೆಗೆ ಚರಿತ್ರೆ ಕಂಡಕ್ಟರ್‌ನ ಲೇಖನ ಕತ್ತರಿಸಿ ಅಂಟಿಸಿ ಕಳಿಸಿದರು. ಬುಧವಾರ ಸಂಚಾರ ಅಧಿಕಾರಿ ಖುದ್ದು ಬಂದು ನೋಡುತ್ತಾರೆಂದು ಉತ್ತರ ಬಂತು. ತನ್ನ ಬರಹದಿಂದ ಒಂದು ನಿಲ್ದಾಣ ಉಳಿಯುತ್ತದಲ್ಲ ಎಂದು ಕಂಡಕ್ಟರ್ ನೆಲಕ್ಕೆ ಕಾಲೂರದೆ ಓಡಾಡಿದ.

ಭಾನುವಾರ ಅಚ್ಚಿನ ಕರಡು ಮನೆಗೆ ಬಂತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು, ಕಾಜಾ ಹಾಕುವುದನ್ನು ಬಿಟ್ಟು, ಹತ್ತೊಂಬತ್ತನೇ ಅಧ್ಯಾಯ ಓದತೊಡಗಿದಳು. ಅರ್ಧ ಓದುವಷ್ಟರಲ್ಲಿ ನಗು ತಡೆಯಲಾಗಲಿಲ್ಲ.

"ರೀ, ಇದು ನೀವೇ ಕಟ್ಟಿದ ಕಥೆ ಅಲ್ವೇನ್ರೀ?"

"ಏನು ಮಾತಾಡ್ತೀಯೆ? ಹನ್ನೊಂದು ಜನ ಸಾಕ್ಷಿ ಇದ್ದಾರೆ."

"ನಮ್ಮ ಮದುವೆ ಆದ ವರ್ಷ. ನಿಮಗೆ ಹೊಸದಾಗಿ ಕೆಲಸ ಸಿಕ್ಕಿ ಅದೇ ದಾರಿಗೆ ಹಾಕಿದ್ರು. ಆ ತಿರುವಲ್ಲಿ ಕಾಲೇಜು ಹುಡುಗ ಒಬ್ಬ ಬಾಗಿಲಲ್ಲಿ ನೇತಾಡ್ತಾ ಬಿದ್ದು ಕಾಲು ಮುರ್ಕೊಂಡ. ನೀವು ಎರಡು ದಿನ ಊಟ ಮಾಡ್ಲಿಲ್ಲ. ಆಮೇಲೆ ನೀವೇ ಹೇಳಿದ್ರಿ, ಬಾಗಿಲಲ್ಲಿ ನಿಂತೋರಿಗೆಲ್ಲ ಒಬ್ಬ ರಾಣಿ ಕಥೆ ಹೇಳಿ ಹೆದರಿಸ್ತೀನಿ, ಈಗ ಎಲ್ಲಾ ಒಳಗೆ ಬರ್ತಾರೆ ಅಂತ. ನನ್ನ ತಂಗಿಗೂ ಹೇಳಿದ್ರಲ್ಲ! ಹಿಂದೆ ಜಾಗ ಇದೆ ಅಂತ ಯಾವ ಸಾರಥಿ ಹೇಳ್ತಾನ್ರೀ, ನಿಮ್ಮನ್ನ ಬಿಟ್ಟು?"

ಕಂಡಕ್ಟರ್‌ಗೆ ಎಲ್ಲ ನೆನಪಾಯಿತು. ಹೌದು. ಆ ವರ್ಷ ದಿನಕ್ಕೆ ನಾಲ್ಕು ಸಲ ಆ ಕಥೆ ಹೇಳಿದ್ದ. ಆಮೇಲೆ ಬೇರೆ ದಾರಿಗಳಿಗೆ ವರ್ಗವಾಗಿ, ಇಪ್ಪತ್ತೆರಡು ವರ್ಷ ಎಲ್ಲೆಲ್ಲೋ ಸುತ್ತಿ, ಎರಡು ವರ್ಷದ ಹಿಂದಷ್ಟೇ ಈ ದಾರಿಗೆ ವಾಪಸ್ ಬಂದಿದ್ದ. ಅವನು ಮರೆತಿದ್ದ, ಅವರು ಮರೆತಿರಲಿಲ್ಲ. ಹನ್ನೊಂದು ಸಾಕ್ಷಿಗಳೂ ಅವನ ಬಾಯಿಂದಲೇ ಹೊರಟವರು.

"ಹೋಗ್ಲಿ, ಪುಸ್ತಕದಿಂದ ತೆಗೆದುಬಿಡಿ" ಅಂದಳು ಹೆಂಡತಿ, ಅವನ ಮುಖ ನೋಡಿ ನಗು ನಿಲ್ಲಿಸಿ.

"ತೆಗೆದ್ರೆ ಅವರ ಅರ್ಜಿ ಬಿದ್ದುಹೋಗತ್ತೆ ಕಣೇ. ನಿಲ್ದಾಣ ಹೋಗತ್ತೆ."

"ಹಾಗಾದ್ರೆ ಇಟ್ಬಿಡಿ. ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ" ಅಂದ. ಇಟ್ಟರೆ ತನ್ನ ಜನ್ಮದ ಒಂದೇ ಒಂದು ಪುಸ್ತಕ ಸುಳ್ಳಾಗುತ್ತದೆ, ತೆಗೆದರೆ ಅಜ್ಜಿಯ ವ್ಯಾಪಾರ ಹಾಳಾಗುತ್ತದೆ. ಈ ಸಂಕಟಕ್ಕಿಂತ ಹೂಕುಂಡವೇ ವಾಸಿಯಾಗಿತ್ತು ಅನ್ನಿಸಿತು.

ಮಂಗಳವಾರ ಬಸ್ಸಿನಲ್ಲಿ ಅಜ್ಜಿಗೆ ನಿಜ ಹೇಳಿಬಿಡೋಣ ಎಂದು ಬಾಯಿ ತೆಗೆದ. "ಅಜ್ಜೀ, ಆ ರಾಣಿ..." ಅನ್ನುವಷ್ಟರಲ್ಲಿ ಅವಳು, "ನಾಳೆ ಬಂಡೆ ತೊಳೆದಿಡ್ತೀವಿ ಕಣಪ್ಪಾ. ನೀನು ಚೆನ್ನಾಗಿ ಹೇಳು. ನಿನ್ನ ಬಾಯಲ್ಲಿ ಕೇಳಿದ್ರೆ ಕಲ್ಲೂ ಕರಗತ್ತೆ" ಅಂದಳು. ಅವನು ಮುಂದಿನ ಸೀಟಿಗೆ ಟಿಕೆಟ್ ಹರಿಯಲು ಹೋದ.

ಬುಧವಾರ ಸಂಚಾರ ಅಧಿಕಾರಿ ಜೀಪಿನಲ್ಲಿ ಬಂದರು. ಕೈಯಲ್ಲೊಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಫಾರಂ. ಬಂಡೆ ಫಳಫಳ ಹೊಳೆಯುತ್ತಿತ್ತು. ನಲವತ್ತು ಜನ ಸೇರಿದ್ದರು. ಮೇಷ್ಟ್ರೂ ಬಂದು, ರಾಣಿಯ ಎಡ ಮೊಣಕಾಲೋ ಬಲವೋ ಎಂದು ಬಗ್ಗಿ ಪರೀಕ್ಷಿಸುತ್ತಿದ್ದರು.

"ನೀವೇ ಅಲ್ವಾ ಬರೆದಿದ್ದು?" ಎಂದು ಅಧಿಕಾರಿ ಕಂಡಕ್ಟರ್‌ಗೆ ಪೆನ್ನು ಕೊಟ್ಟರು. "ಇಲ್ಲೊಂದು ಸಹಿ ಹಾಕಿ. ಇದರಲ್ಲಿರೋದೆಲ್ಲ ನಿಜ ಅಂತ."

ಕಂಡಕ್ಟರ್ ಪೆನ್ನು ಹಿಡಿದು ನಿಂತ. ಅಜ್ಜಿಯ ಮುಖ ನೋಡಿದ, ಫಾರಂ ನೋಡಿದ. ಕೈ ಮುಂದೆ ಹೋಗಲಿಲ್ಲ.

"ಸಾರ್, ರಾಣಿ ಬಿದ್ದಿಲ್ಲ" ಅಂದ. "ರಾಣಿನೇ ಇರ್ಲಿಲ್ಲ. ಬಾಗಿಲಲ್ಲಿ ನೇತಾಡೋರನ್ನ ಒಳಗೆ ಕರೆಯೋಕೆ ನಾನೇ ಕಟ್ಟಿದ ಕಥೆ. ನಾನೇ ಮರೆತು ನಾನೇ ಬರೆದೆ. ತಪ್ಪಾಯ್ತು."

ಮೇಷ್ಟ್ರು ಬಗ್ಗಿದವರು ಬಗ್ಗಿದಂತೆಯೇ ಇದ್ದರು, ಬಹುಶಃ ರಥದ ವಿಸ್ತಾರ ನೆನಪಾಗಿರಬೇಕು. ಹಿಂದಿನಿಂದ ಯಾರೋ, "ಇವನ ಬಾಯಿಗೆ ಮಣ್ಣು ಹಾಕ, ಒಂದು ದಿನ ಮುಚ್ಕೊಂಡಿರೋಕಾಗ್ಲಿಲ್ವಾ?" ಅಂದರು. ಕಂಡಕ್ಟರ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಧಿಕಾರಿ ಫಾರಂ ಮಡಿಸಿದರು. "ರಾಣಿ ಇದ್ದಿದ್ರೆ ಏನಾದ್ರೂ ಮಾಡಬಹುದಿತ್ತು. ಇಲ್ಲ ಅಂದ್ಮೇಲೆ ಬಸ್ಸು ನಿಲ್ಲಿಸೋಕೆ ಕಾರಣ ಇಲ್ಲ."

ಸೊಪ್ಪಿನ ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಕಂಡಕ್ಟರ್ ಮೇಲಲ್ಲ.

"ಅಲ್ಲ ಸ್ವಾಮೀ, ಇಷ್ಟು ವರ್ಷ ಬಸ್ಸು ನಿಲ್ತಿದ್ದಿದ್ದು ರಾಣಿಗಾ? ನಾನು ನಮಗೆ ಅಂತ ತಿಳ್ಕೊಂಡಿದ್ದೆ. ಇಲ್ಲದೇ ಇರೋ ರಾಣಿಗೆ ನಿಲ್ಸೋಕೆ ಆಗತ್ತೆ, ಕಣ್ಣೆದುರಿಗೆ ಇರೋ ನನಗೆ ನಿಲ್ಸೋಕೆ ಆಗಲ್ವಾ?"

ಅಧಿಕಾರಿ ಕಂಡಕ್ಟರ್ ಕಡೆ ತಿರುಗಿ, "ಇಲ್ಲಿ ಯಾರ್ರೀ ಹತ್ತುತ್ತಾರೆ?" ಎಂದು ಕೇಳಿದರು.

ಕಂಡಕ್ಟರ್‌ಗೆ ಯಾವ ಹಾಳೆಯೂ ಬೇಕಾಗಲಿಲ್ಲ. "ಏಳು ಹತ್ತರ ಟ್ರಿಪ್ಪಿಗೆ ಈ ಅಜ್ಜಿ, ಎರಡು ಹೊರೆ. ಮೂರು ಜನ ಅಕ್ಕತಂಗಿಯರು ಬಟ್ಟೆ ಕಾರ್ಖಾನೆಗೆ, ಚಿಕ್ಕವಳಿಗೆ ಕಿಟಕಿ ಪಕ್ಕನೇ ಬೇಕು. ಒಬ್ಬ ಗಾರೆ ಕೆಲಸದವ. ಗೋಡೆ ಮಟ್ಟ ನೋಡೋ ರಸಮಟ್ಟನ ಯಾವಾಗಲೂ ನನ್ನ ಸೀಟಿನ ಕೆಳಗೆ ಇಡ್ತಾನೆ. ಸೋಮವಾರ ಒಬ್ಬ ತಾತ, ಕಣ್ಣಿನ ಆಸ್ಪತ್ರೆಗೆ. ಮೊದಲು ಅವರ ಹೆಂಡತಿ ಕೈ ಹಿಡ್ಕೊಂಡು ಬರ್ತಿದ್ರು, ಹೋದ ವರ್ಷದಿಂದ ನಾನು ಹಿಡ್ಕೊಂಡು ಹತ್ತಿಸ್ತೀನಿ. ಎಂಟೂವರೆಗೆ..." ಹೇಳುತ್ತಾ ಹೇಳುತ್ತಾ ಅವನಿಗೆ, ದಿನಾ ಇವರ ಬೆನ್ನ ಹಿಂದಿನ ಹಾಳುಗೋಡೆಗಳನ್ನು ತೋರಿಸುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅಧಿಕಾರಿ ಫಾರಂ ಮತ್ತೆ ಬಿಡಿಸಿದರು. "ಕಾರಣ ಅಂತ ಒಂದು ಕಾಲಂ ಇದೆ. ಐತಿಹಾಸಿಕ ಅಂತ ಬರೆಯೋ ಹಾಗಿಲ್ಲ. ಏನು ಬರೀಲಿ?"

"ಜನ ಇದ್ದಾರೆ ಅಂತ ಬರೀರಿ" ಅಂದಳು ಅಜ್ಜಿ.

ಅವರು ಹಾಗೇ ಬರೆದರು. ಕಚೇರಿಯಲ್ಲಿ ಅದನ್ನು ಓದಿದ ಮೇಲಿನವರು ತಲೆ ಕೆರೆದುಕೊಂಡರಂತೆ, ಆದರೆ ಅಂಥ ಕಾರಣವನ್ನು ತಳ್ಳಿಹಾಕಲು ಯಾವ ನಿಯಮವೂ ಸಿಗಲಿಲ್ಲವಂತೆ. ಹತ್ತೊಂಬತ್ತನೇ ನಿಲ್ದಾಣ ಉಳಿಯಿತು.

ಕಂಡಕ್ಟರ್ ಅಚ್ಚಿನ ಮನೆಗೆ ಓಡಿ ಆ ಅಧ್ಯಾಯ ಕಿತ್ತುಹಾಕಿಸಿ ಬೇರೆಯದನ್ನು ಬರೆದುಕೊಟ್ಟ. ಅದರಲ್ಲಿ ಅಜ್ಜಿಯ ಹೊರೆ ಇತ್ತು, ರಸಮಟ್ಟ ಇತ್ತು, ತಾತನ ಕೈ ಇತ್ತು, ರಾಣಿಯ ಸುಳ್ಳು ಹುಟ್ಟಿ ಬೆಳೆದ ಕಥೆಯೂ ಮುಚ್ಚುಮರೆಯಿಲ್ಲದೆ ಇತ್ತು. ಮುನ್ನುಡಿ ತಿದ್ದಬೇಕಾಗಿ ಬಂದ ಸಿಟ್ಟಿಗೆ ಮೇಷ್ಟ್ರು ಕರಡನ್ನು ಮೇಜಿನ ಮೇಲೆ ಕುಕ್ಕಿದರು.

"ಇದು ಚರಿತ್ರೆ ಏನ್ರೀ? ಸೊಪ್ಪು, ಕಿಟಕಿ, ಕಣ್ಣಿನ ಆಸ್ಪತ್ರೆ! ಇದರಲ್ಲಿ ಹಳೇದು ಅನ್ನೋದು ಏನಿದೆ?"

"ಸ್ವಲ್ಪ ತಡೀರಿ ಮೇಷ್ಟ್ರೇ" ಅಂದ ಕಂಡಕ್ಟರ್. "ಹಳೇದಾಗತ್ತೆ."