ಬಂದೆ ಎಂಬ ಭವಿಷ್ಯತ್ಕಾಲ

ಕಾಲಿಗೆ ಇನ್ನೂ ಚಪ್ಪಲಿ ಮೆಟ್ಟಿರುವುದಿಲ್ಲ, ಕೈಯಲ್ಲಿನ ಚಹಾದ ಲೋಟ ಅರ್ಧವೂ ಖಾಲಿಯಾಗಿರುವುದಿಲ್ಲ, ಆದರೂ ಫೋನಿನ ಆಚೆ ಕಾಯುತ್ತಿರುವವರಿಗೆ ನಾವು ಕನ್ನಡಿಗರು ‘ಬಂದೆ’ ಎಂದುಬಿಡುತ್ತೇವಲ್ಲ, ಅದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವ ನಮ್ಮ ಶಿಷ್ಟಾಚಾರವನ್ನು ಎಲ್ಲರೂ ಹೊಗಳುತ್ತಾರೆ. ಹೊರಡುವ ಮೊದಲೇ ತನ್ನ ಆಗಮನವನ್ನು ಭೂತಕಾಲದಲ್ಲಿ ಘೋಷಿಸುವ ಈ ಇನ್ನೊಂದು ಸಾಹಸಕ್ಕೆ ಮಾತ್ರ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ನಾನಂತೂ ಈ ವಿದ್ಯೆಯಲ್ಲಿ ಪಾರಂಗತ. ‘ಬಂದೆ’ ಸಾಲದಿದ್ದರೆ ‘ಬಂದೇಬಿಟ್ಟೆ’, ಎದುರಿನವರ ದನಿ ಬಿಸಿಯಾಗಿದ್ದರೆ ‘ಇಲ್ಲೇ ಇದ್ದೀನಿ, ಬಂದೆ’ ಎಂದು ಸಂದರ್ಭಾನುಸಾರ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬಲ್ಲೆ.

ಇಂಥ ನನಗೆ ಮೆಲ್ಬರ್ನಿನಲ್ಲಿ ಒದಗಿದ ಉದ್ಯೋಗವೆಂದರೆ ಬೇರೆಯವರು ಹೇಳಿದ ಹೊತ್ತಿಗೆ ಬಂದರೋ ಇಲ್ಲವೋ ಎಂದು ನೋಡುವುದು! ಎರಡು ಸಾವಿರದ ದಶಕದ ನಡುವಿನ ಮಾತು ಇದು. ಅಲ್ಲಿ ರೈಲಿನ ಹಳಿಗಳು ಸರ್ಕಾರದವು, ಗಾಡಿ ಓಡಿಸುವ ಗುತ್ತಿಗೆ ಖಾಸಗಿ ಕಂಪನಿಯದು, ಕಂಪನಿಯು ಕೊಟ್ಟ ಮಾತಿನಂತೆ ಓಡಿಸುತ್ತಿದೆಯೇ ಎಂದು ನಿಗಾ ಇಡುವ ಹೊಣೆ ಮತ್ತೆ ಸರ್ಕಾರದ್ದು. ಆ ನಿಗಾದ ಕಚೇರಿಯೊಂದರ ಮೂಲೆಯ ಮೇಜು ನನ್ನದು. ತಿಂಗಳಿಗೊಮ್ಮೆ ಕಂಪನಿಯಿಂದ ದಪ್ಪನೆಯ ವರದಿ ಬರುತ್ತಿತ್ತು. ತಡವಾದ ಪ್ರತಿಯೊಂದು ಗಾಡಿಯ ಮುಂದೆಯೂ ಒಂದು ಕಾರಣ. ಸಿಗ್ನಲ್ ಕೆಟ್ಟಿತು, ಬಾಗಿಲಿಗೆ ಯಾರದೋ ಚೀಲ ಸಿಕ್ಕಿಕೊಂಡಿತು, ಬಿಸಿಲಿಗೆ ಹಳಿ ಹಿಗ್ಗಿತು, ಪ್ರಯಾಣಿಕರೊಬ್ಬರಿಗೆ ತಲೆ ಸುತ್ತಿತು. ಇವುಗಳಲ್ಲಿ ಯಾವುದು ಕಂಪನಿಯ ಕೈಮೀರಿದ್ದು, ಯಾವುದು ಕೈಯೊಳಗೇ ಇದ್ದದ್ದು ಎಂದು ವಿಂಗಡಿಸಿ ಸಹಿ ಹಾಕುವುದು ನನ್ನ ಕಾಯಕ. ಕಚೇರಿಯ ಬಾಗಿಲಿನ ಮೇಲೆ ಅದಕ್ಕೊಂದು ಗಂಭೀರವಾದ ಇಂಗ್ಲಿಷ್ ಹೆಸರಿತ್ತು. ನನ್ನ ಹೆಂಡತಿ ವಿಜಯಾ ಅದನ್ನು ‘ಸಬೂಬು ಇಲಾಖೆ’ ಎಂದು ಕರೆಯುತ್ತಿದ್ದಳು.

ಧಾರವಾಡದಲ್ಲಿ ಬೆಳೆದ ನನಗೆ ವಿಳಂಬವೆಂದರೆ ಅಗೌರವದ ಸಂಗತಿಯೇನಲ್ಲ. ನಮ್ಮೂರಿನಲ್ಲಿ ವಿಲಂಬಿತ ಲಯದಲ್ಲಿ ಹಾಡುವವರಿಗೆ ಶಾಲು ಹೊದಿಸುತ್ತಾರೆಯೇ ಹೊರತು ಕಾರಣ ಕೇಳುವುದಿಲ್ಲ. ಆದರೆ ಗುತ್ತಿಗೆಯ ಕರಾರುಪತ್ರದ ಸೂಕ್ಷ್ಮಗಳನ್ನು ಓದಿದಾಗ ನಾನು ನಿಜಕ್ಕೂ ತಲೆದೂಗಿದೆ. ಗಾಡಿ ನಿಗದಿತ ವೇಳೆ ಕಳೆದು ಆರು ನಿಮಿಷ ತುಂಬುವುದರೊಳಗೆ ತಲುಪಿದರೆ ಅದು ತಡವಲ್ಲ, ಸಕಾಲ. ಅದನ್ನು ಅಳೆಯುವುದೂ ಕೊನೆಯ ನಿಲ್ದಾಣದಲ್ಲಿ ಮಾತ್ರ. ನಡುದಾರಿಯಲ್ಲಿ ಅದು ಎಷ್ಟೇ ತೂಕಡಿಸಿದರೂ ಅಡ್ಡಿಯಿಲ್ಲ. ಇನ್ನು ತೀರಾ ತಡವಾದ ಗಾಡಿಯನ್ನು ಕೊನೆಯ ನಿಲ್ದಾಣಕ್ಕೆ ಕಳಿಸದೆ ನಡುವೆಯೇ ಜನರನ್ನಿಳಿಸಿ ಹಿಂದಕ್ಕೆ ತಿರುಗಿಸಿದರೆ? ಆಗ ಅದು ‘ಭಾಗಶಃ ರದ್ದು’ ಎಂಬ ಬೇರೆಯೇ ಅಂಕಣಕ್ಕೆ ಹೋಗುತ್ತದೆ, ತಡದ ಅಂಕಣದಲ್ಲಿ ಅದರ ಸುಳಿವೇ ಇರುವುದಿಲ್ಲ. ನನ್ನ ಮೇಲಧಿಕಾರಿ ಗ್ರೇಮ್, ಮೂವತ್ತು ವರ್ಷ ರೈಲಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಸಜ್ಜನ, ಮೊದಲ ದಿನವೇ ನನಗೆ ಈ ತತ್ತ್ವವನ್ನು ಬೋಧಿಸಿದ್ದ: ‘ಇಫ್ ಇಟ್ ನೆವರ್ ಗೆಟ್ಸ್ ದೇರ್, ಮೇಟ್, ಇಟ್ ಕಾಂಟ್ ಬಿ ಲೇಟ್.’ ಅದ್ವೈತದ ಗಾಳಿ ಸೋಕಿದ ನಾಡಿನಿಂದ ಬಂದ ನನಗೆ ಇದನ್ನು ಅರ್ಥಮಾಡಿಕೊಳ್ಳಲು ಕಷ್ಟವಾಗಲಿಲ್ಲ.

ಸಿಡ್ನಿಯಲ್ಲಿ ಇದಕ್ಕಿಂತ ಸರಳವಾದ ಮಾರ್ಗವೊಂದನ್ನು ಕಂಡುಕೊಂಡಿದ್ದರು. ಮೆಲ್ಬರ್ನಿಗೆ ಬರುವ ಮೊದಲು ನಾವು ಅಲ್ಲಿ ವೆಸ್ಟ್‌ಮೀಡ್‌ನಲ್ಲಿ, ವಿಜಯಾ ನರ್ಸ್ ಆಗಿದ್ದ ಆಸ್ಪತ್ರೆಗೂ ಸ್ಟೇಷನ್ನಿಗೂ ನಡುವಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಅಲ್ಲಿ ರೈಲು ಓಡಿಸುವುದೂ ಸರ್ಕಾರವೇ, ಓಡಿತೇ ಎಂದು ಕೇಳುವುದೂ ಸರ್ಕಾರವೇ. ಗಾಡಿಗಳು ವೇಳಾಪಟ್ಟಿಗೆ ಸರಿಯಾಗಿ ಓಡುತ್ತಿಲ್ಲವೆಂದು ಗದ್ದಲವೆದ್ದಾಗ ಅವರು ಗಾಡಿಗಳನ್ನು ತಿದ್ದುವ ಗೋಜಿಗೆ ಹೆಚ್ಚು ಹೋಗದೆ ವೇಳಾಪಟ್ಟಿಯನ್ನೇ ಹಿಗ್ಗಿಸಿದರು. ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಮಾಡಿಕೊಂಡಿದ್ದ ನನ್ನ ಬೆಳಗಾವಿಯ ಗೆಳೆಯ ಬಸವರಾಜ ಒಂದು ದಿನ ಅತ್ಯುತ್ಸಾಹದಿಂದ ಫೋನು ಮಾಡಿ ಹೇಳಿದ: ‘ನಮ್ಮ ಟ್ರೇನ್ ಈಗ ಭಾಳ ಸುಧಾರಿಸ್ಯಾವ ನೋಡಪಾ. ಮೊದಲಿನಕಿಂತ ಆಫೀಸ್ ಮುಟ್ಟೋದು ತಡಾ ಆಗ್ತದ, ಖರೆ. ಆದ್ರ ಒಂದು ದಿನಾನೂ ಲೇಟ್ ಇಲ್ಲ!’ ನಾನು ನಕ್ಕು ನಕ್ಕು ಸುಸ್ತಾದೆ. ಮೆಲ್ಬರ್ನಿನ ನಿಗಾ ಕಚೇರಿಯವನಾದ ನನಗೆ ಆಗ ಸಿಡ್ನಿಯವರ ಬಗ್ಗೆ ಒಂದು ಬಗೆಯ ಮರುಕವೂ ಉಂಟಾಗಿತ್ತು.

ಮರುಕಪಡುವ ಅರ್ಹತೆ ನನಗೆಷ್ಟಿತ್ತು ಎಂಬುದಕ್ಕೆ ಈಗ ಬರುತ್ತೇನೆ. ನಮ್ಮ ಮನೆ ಕ್ರಾನ್‌ಬರ್ನ್‌ನಲ್ಲಿ, ಅಂದರೆ ಆ ಮಾರ್ಗದ ಕಟ್ಟಕಡೆಯ ನಿಲ್ದಾಣದಲ್ಲಿ. ಸಕಾಲ ವಿಕಾಲಗಳನ್ನು ಅಳೆಯುವ ಪುಣ್ಯಕ್ಷೇತ್ರವೇ ಅದು. ಮಗಳು ಅನಘಾ ಅಲ್ಲಿನ ಶಾಲೆಯಲ್ಲಿ ಮೂರನೆಯ ತರಗತಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಊಟಕ್ಕೆ ಕರೆದರೆ ‘ಕಮಿಂಗ್’. ವಾರದಲ್ಲಿ ಮೂರು ದಿನ ವಿಜಯಾಗೆ ಮಧ್ಯಾಹ್ನದ ಪಾಳಿ ಇರುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿಯಿಂದ ಆರು ಗಂಟೆಯೊಳಗೆ ಮಗಳನ್ನು ಕರೆತರುವುದು ನನ್ನ ಪಾಲು. ಆರಕ್ಕೆ ಐದು ನಿಮಿಷವಿರುವಾಗ ಆ ಕೊಠಡಿಯ ಲಾರೇನ್ ಎಂಬಾಕೆ ನನಗೆ ಫೋನು ಹಚ್ಚಿ ಮಗಳ ಕೈಗೆ ಕೊಡುತ್ತಿದ್ದಳು. ನಾನು ಮೂರು ನಿಲ್ದಾಣ ಹಿಂದಿರಲಿ, ಆರು ನಿಲ್ದಾಣ ಹಿಂದಿರಲಿ, ನನ್ನ ಉತ್ತರ ಒಂದೇ: ‘ಬಂದೆ ಪುಟ್ಟಿ, ಬಂದೆ.’

ಆ ಸೀಮೆಯ ಕೆಲವು ಕನ್ನಡ ಮನೆಗಳವರು ಸೇರಿ ಭಾನುವಾರ ಮಕ್ಕಳಿಗೊಂದು ಕನ್ನಡ ತರಗತಿ ನಡೆಸುತ್ತಿದ್ದೆವು. ಪಾಠ ಹೇಳುತ್ತಿದ್ದವರು ಮೈಸೂರಿನ ಶೈಲಾ. ಒಂದು ಭಾನುವಾರ ಅವರು ಹಲಗೆಯ ಮೇಲೆ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಮನೆ ಕೊರೆದು, ಕೊಟ್ಟ ಕ್ರಿಯಾಪದಗಳನ್ನು ಆಯಾ ಮನೆಯಲ್ಲಿ ಬರೆಯಿರಿ ಎಂದಿದ್ದರು. ತರಗತಿ ಮುಗಿದು ತಂದೆತಾಯಿಯರೆಲ್ಲ ಕಾಫಿ ಕುಡಿಯುತ್ತ ನಿಂತಿದ್ದಾಗ ಅನಘಾಳ ಪುಸ್ತಕ ಹಿಡಿದು ನಗುತ್ತ ಬಂದರು. ‘ಹೋದೆ’, ‘ತಿಂದೆ’ ಎರಡನ್ನೂ ಭೂತಕಾಲದಲ್ಲಿ ಸರಿಯಾಗಿ ಬರೆದ ನನ್ನ ಮಗಳು ‘ಬಂದೆ’ಯನ್ನು ಮಾತ್ರ ಭವಿಷ್ಯತ್ಕಾಲದ ಮನೆಯಲ್ಲಿ ದುಂಡಗೆ ಬರೆದಿದ್ದಳು.

‘ಯಾಕಮ್ಮಾ, ಇದನ್ನ ಇಲ್ಲಿ ಬರ್ದಿದೀಯ?’ ಎಂದು ಶೈಲಾ ಕೇಳಿದರು.

‘ಬಿಕಾಸ್ ವೆನ್ ಅಪ್ಪ ಸೇಸ್ ಬಂದೆ, ಇಟ್ ಹ್ಯಾಸಂಟ್ ಹ್ಯಾಪನ್ಡ್ ಯೆಟ್,’ ಎಂದಳು ಅನಘಾ.

ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ, ಏಕೆಂದರೆ ಅಂಥ ಸಂದರ್ಭದಲ್ಲಿ ಮಾಡಬಹುದಾದದ್ದು ಅದೊಂದೇ. ಅನಘಾ ಮಾತ್ರ ನಗಲಿಲ್ಲ. ತನ್ನ ಉತ್ತರದಲ್ಲಿ ತಪ್ಪೇನಿದೆ ಎಂಬುದು ಅವಳಿಗೆ ಗೊತ್ತಾಗಿರಲಿಲ್ಲ. ಕಾರಿನಲ್ಲಿ ಅವಳು ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮೇಲೆ ವಿಜಯಾ ಮೆಲ್ಲಗೆ ಹೇಳಿದಳು: ‘ಅಕಿ ತಪ್ಪೇನು ಬರದಾಳ್ರಿ? ಎಲ್ಲಾ ಹುಡುಗ್ರು ಹೋದಮ್ಯಾಲೂ ಇದು ಬಾಗಲಾ ನೋಡಕೋತ ಕೂಡ್ತದಂತ. ಲಾರೇನ್ ನನಗ ಹೇಳ್ಯಾಳ. ಫೋನ್ ಇಟ್ಟಮ್ಯಾಲೆ, ಹೌ ಲಾಂಗ್ ಅಂತ ಕೇಳಿದ್ರ, ಡೋಂಟ್ ನೋ, ಹಿ ಸೆಡ್ ಬಂದೆ, ಅಂತದಂತ.’

ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮಗಳ ಕಿವಿಗೆ ನಾನು ಹಾಕಿದ್ದ ಕನ್ನಡವೇ ಅಷ್ಟಿಷ್ಟು, ಅದರಲ್ಲೊಂದು ಪದಕ್ಕೆ ಅವಳು ‘ಅಪ್ಪನನ್ನು ನಂಬಬೇಡ’ ಎಂಬ ಅರ್ಥ ಬರೆದುಕೊಂಡಿದ್ದಳು. ಪ್ರತಿ ತಿಂಗಳೂ ನೂರಾರು ಸಬೂಬುಗಳನ್ನು ಸೋಸುವ ನನ್ನ ಮೇಜಿನ ಕೆಳಗೆ, ನನ್ನದೇ ಒಂದು ಗುತ್ತಿಗೆ ಕೈತಪ್ಪುವ ಹಂತಕ್ಕೆ ಬಂದಿತ್ತು.

ಆ ಚಳಿಗಾಲದಲ್ಲಿ ಶಾಲೆಯಲ್ಲೊಂದು ಸಂಜೆ ಕಾರ್ಯಕ್ರಮ. ಅನಘಾಳ ತರಗತಿಯವರು ರೆಕಾರ್ಡರ್ ಎಂಬ ಪ್ಲಾಸ್ಟಿಕ್ಕಿನ ಕೊಳಲು ನುಡಿಸುವವರಿದ್ದರು, ನಡುವೆ ನಾಲ್ಕು ಸಾಲು ಇವಳೊಬ್ಬಳೇ ನುಡಿಸಬೇಕು. ವಿಜಯಾಗೆ ಪಾಳಿ ತಪ್ಪಿಸಲಾಗಲಿಲ್ಲ. ಹಿಂದಿನ ರಾತ್ರಿ ಹಲ್ಲುಜ್ಜುತ್ತಲೇ ಮಗಳು ನನ್ನನ್ನು ಕೇಳಿದಳು: ‘ವಿಲ್ ಯು ಬಿ ದೇರ್, ಅಪ್ಪಾ? ನಾಟ್ ಬಂದೆ. ದೇರ್.’ ಬರುತ್ತೇನೆ ಎಂದೆ. ಕರಾರುಪತ್ರವನ್ನು ಕರತಲಾಮಲಕ ಮಾಡಿಕೊಂಡಿದ್ದ ನಾನು ಕಾರ್ಯಕ್ರಮ ಆರೂವರೆಗಾದರೆ ಆರಕ್ಕೇ ಕ್ರಾನ್‌ಬರ್ನ್ ತಲುಪುವ ಗಾಡಿಯನ್ನು ಹಿಡಿದೆ; ಕರಾರಿನ ಆರು ನಿಮಿಷದ ರಿಯಾಯಿತಿಯನ್ನು ಮೊದಲೇ ಕಳೆದೇ ಲೆಕ್ಕ ಹಾಕಿದ್ದೆ.

ಗಾಡಿಯ ಬಾಗಿಲೊಂದು ನಡುದಾರಿಯಲ್ಲಿ ಮುಚ್ಚಲೊಲ್ಲೆ ಎಂದು ಹಟ ಹಿಡಿಯಿತು. ಯಾರೋ ಬಂದು ಅದನ್ನು ಒಲಿಸಿ ಮುಚ್ಚಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿ, ನಾವು ಆ ಆರು ನಿಮಿಷವನ್ನು ಎಂದೋ ದಾಟಿದ್ದೆವು. ದಾಂಡೆನಾಂಗ್ ತಲುಪುತ್ತಿದ್ದಂತೆ ಧ್ವನಿವರ್ಧಕ ಹೇಳಿತು: ಈ ಗಾಡಿ ಇಲ್ಲಿಗೇ ಮುಗಿಯುತ್ತದೆ, ಕ್ರಾನ್‌ಬರ್ನ್‌ಗೆ ಹೋಗುವವರು ದಯವಿಟ್ಟು ಮುಂದಿನ ಗಾಡಿಗೆ ಕಾಯಿರಿ. ನಾವೆಲ್ಲ ಇಳಿದೆವು. ಗಾಡಿ ಖಾಲಿಯಾಗಿ, ಹಗುರವಾಗಿ, ತಡದ ಕಳಂಕವಿಲ್ಲದೆ ಹಿಂದಕ್ಕೆ ಹೊರಟುಹೋಯಿತು. ಅದೇಕೆ ಹಾಗೆ ಹೋಯಿತೆಂದು ಆ ಪ್ಲಾಟ್‌ಫಾರ್ಮಿನ ಚಳಿಯಲ್ಲಿ ನಿಂತ ಅಷ್ಟು ಜನರಲ್ಲಿ ಬಲ್ಲವನು ನಾನೊಬ್ಬನೇ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಯಾರಿಗೆಂದಿಲ್ಲದೆ ‘ಹೂಸ್ ಇನ್ ಚಾರ್ಜ್ ಆಫ್ ದಿಸ್?’ ಎಂದು ಸಿಡುಕಿದಾಗ ನಾನು ಜೇಬಿನಲ್ಲಿ ಫೋನು ಹುಡುಕುವವನಂತೆ ತಲೆತಗ್ಗಿಸಿದೆ.

ಹುಡುಕುವ ಮೊದಲೇ ಫೋನು ರಿಂಗಣಿಸಿತು. ಲಾರೇನ್‌ಳ ಫೋನು, ಮಗಳ ದನಿ. ‘ಅಪ್ಪಾ, ವೇರ್ ಆರ್ ಯು?’

ನಿಜ ಹೇಳುತ್ತೇನೆ, ‘ಬಂ’ ಎಂಬಷ್ಟು ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ‘ಬಂದಿಲ್ಲ ಪುಟ್ಟಿ. ದಾಂಡೆನಾಂಗ್‌ನಾಗ ನಿಂತೀನಿ. ಟ್ರೇನ್ ಹೊಳ್ಳಿ ಹೋತು. ಇನ್ನೊಂದು ಇಪ್ಪತ್ತು ಮಿನಿಟಿಗೆ ಅದ.’

‘ಸೋ ವಾಟ್ ಟೈಮ್? ರಿಯಲ್ ಟೈಮ್.’

ಏಳು ಗಂಟೆಗೆ ಶಾಲೆಯ ಬಾಗಿಲಲ್ಲಿರಬಲ್ಲೆ ಎಂದು ಲೆಕ್ಕ ಹೇಳುತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಸಿಡ್ನಿಯ ಬಸವರಾಜನೂ ಅವನ ಹಿಗ್ಗಿಸಿದ ವೇಳಾಪಟ್ಟಿಯೂ ನೆನಪಾದವು. ‘ಏಳೂ ಹತ್ತು,’ ಎಂದೆ. ‘ಅದಕ್ಕಿಂತ ಮೊದಲ ಆಗೂದಿಲ್ಲ.’

‘ಓಕೆ,’ ಎಂದಳು. ದನಿ ಸಣ್ಣಗಾಗಿತ್ತು, ಆದರೆ ಅಳು ಇರಲಿಲ್ಲ. ಫೋನು ಇಟ್ಟಳು.

ಮುಂದಿನ ಗಾಡಿ ಬಂದು, ನಿಲ್ದಾಣದಿಂದ ಶಾಲೆಯವರೆಗೆ ನನ್ನ ವಯಸ್ಸಿಗೂ ಹೊಟ್ಟೆಗೂ ಒಪ್ಪದ ವೇಗದಲ್ಲಿ ಓಡಿ, ಸಭಾಂಗಣದ ಬಾಗಿಲು ತಳ್ಳಿದಾಗ ಗಡಿಯಾರ ಏಳೂ ನಾಲ್ಕು ತೋರಿಸುತ್ತಿತ್ತು. ಎಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದೆ. ವೇದಿಕೆಯ ಮೇಲೆ ಮೇಲಿನ ತರಗತಿಯ ಮಕ್ಕಳು ಏನೋ ಕುಣಿಯುತ್ತಿದ್ದರು. ಲಾರೇನ್ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಡುತ್ತ ಪಿಸುಗುಟ್ಟಿದಳು: ಅನಘಾ ತನ್ನ ಟೀಚರ ಬಳಿ ಹೋಗಿ, ನಮ್ಮಪ್ಪ ಏಳೂ ಹತ್ತಕ್ಕೆ ಬರುತ್ತಾರೆ, ಅವರಿಗೆ ರೈಲಿನ ವಿಷಯ ಗೊತ್ತು, ನಾವು ಕೊನೆಗೆ ನುಡಿಸಬಹುದೇ ಎಂದು ಕೇಳಿದಳಂತೆ. ಟೀಚರು ಎರಡು ತರಗತಿಗಳ ಸರದಿ ಅದಲುಬದಲು ಮಾಡಿದ್ದರು. ‘ಬಂದೆ’ ಎಂದಿದ್ದರೆ ಆ ಮಗು ಯಾರ ಬಳಿ ಏನು ಕೇಳಬಹುದಿತ್ತು? ಮತ್ತೆ ಬಾಗಿಲು ನೋಡುತ್ತ ಕೂತಿರುತ್ತಿತ್ತು, ಅಷ್ಟೆ. ತಡವಾದದ್ದನ್ನು ತಡವೆಂದೇ ಒಪ್ಪಿಕೊಂಡರೆ ಕಾಯುವವರು ತಮ್ಮ ದಾರಿ ತಾವು ಹುಡುಕಿಕೊಳ್ಳುತ್ತಾರೆ ಎಂಬ ಇಷ್ಟು ಸಣ್ಣ ವಿಷಯ, ಅಷ್ಟು ದಪ್ಪ ವರದಿಗಳನ್ನು ಓದಿದ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅನಘಾ ವೇದಿಕೆಗೆ ಬಂದವಳು ಮೊದಲು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು. ನಾಲ್ಕು ಸಾಲು ನುಡಿಸಿದಳು. ಮೂರನೆಯದರಲ್ಲಿ ಒಂದು ಸ್ವರ ತಪ್ಪಿತು. ನನ್ನ ಕನ್ನಡಕ ಏಕೋ ಮಂಜಾಗಿತ್ತು; ಓಡಿ ಬಂದ ಸೆಕೆ ಇರಬೇಕು.

ಮುಂದಿನ ತಿಂಗಳ ವರದಿಯಲ್ಲಿ ನನ್ನ ಗಾಡಿ ನನ್ನ ಮೇಜಿಗೇ ಬಂತು. ಭಾಗಶಃ ರದ್ದು: ಹೌದು. ತಡ: ಇಲ್ಲ. ಎಲ್ಲವೂ ಕರಾರಿಗೆ ಅನುಗುಣವಾಗಿಯೇ ಇತ್ತು, ನಾನು ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಆದರೂ ಅಂಚಿನಲ್ಲಿ ಒಂದು ಪ್ರಶ್ನೆ ಬರೆದೆ: ಈ ಗಾಡಿಯಲ್ಲಿದ್ದವರು ಮನೆ ಮುಟ್ಟಿದ್ದು ಎಷ್ಟು ಹೊತ್ತಿಗೆ? ಗ್ರೇಮ್ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಒಳ್ಳೆಯ ಪ್ರಶ್ನೆ, ಆದರೆ ಅದಕ್ಕೆ ಅಂಕಣವಿಲ್ಲವಲ್ಲ ಎಂದ. ನಾನು ಸಹಿ ಹಾಕಿದೆ, ಪ್ರಶ್ನೆಯನ್ನು ಮಾತ್ರ ಅಳಿಸಲಿಲ್ಲ. ಅದು ಈಗಲೂ ಯಾವುದೋ ಕಪಾಟಿನಲ್ಲಿ ಉತ್ತರಕ್ಕಾಗಿ ಕಾಯುತ್ತಿರಬಹುದು.

ಅಂದಿನಿಂದ ನಾನು ಮಗಳಿಗೆ ನಿಲ್ದಾಣದ ಹೆಸರನ್ನೇ ಹೇಳುತ್ತ ಬಂದೆ, ಜೊತೆಗೊಂದಿಷ್ಟು ಸಿಡ್ನಿಯ ನಿಮಿಷಗಳನ್ನು ಸೇರಿಸಿ. ಅವಳು ಅದನ್ನು ಲಾರೇನ್‌ಗೆ ಹೇಳಿ, ಬಾಗಿಲಿಗೆ ಬೆನ್ನು ಮಾಡಿ ಚಿತ್ರ ಬಿಡಿಸುತ್ತ ಕೂರುತ್ತಿದ್ದಳಂತೆ. ‘ಬಂದೆ’ ನಮ್ಮ ಮನೆಯಿಂದ ಹೊರಟೇಹೋಯಿತು ಎಂದುಕೊಂಡಿದ್ದೆ. ಕೆಲವು ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ವಿಜಯಾ ತಾಟಿಗೆ ಬಿಸಿ ರೊಟ್ಟಿ ಹಾಕಿ ಕರೆದಳು. ಟೀವಿಯ ಮುಂದೆ ಕಾಲು ಚಾಚಿ ಕೂತಿದ್ದ ಅನಘಾ ತಲೆ ಕೂಡ ತಿರುಗಿಸದೆ, ಎಂದಿನ ‘ಕಮಿಂಗ್’ ಬಿಟ್ಟು, ಅಚ್ಚ ಧಾರವಾಡದ ರಾಗದಲ್ಲಿ ಕೂಗಿದಳು:

‘ಬಂದೇಽ!’

ವಿಜಯಾ ನನ್ನತ್ತ ನೋಡಿದಳು. ನಾನು ಕೈಗಡಿಯಾರ ನೋಡಿಕೊಂಡೆ. ರೊಟ್ಟಿ ಪೂರ್ತಿ ಆರಿದ ಮೇಲೆ ನಮ್ಮ ಮಗಳು ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು. ಐದು ನಿಮಿಷ ದಾಟಿತ್ತು, ಆರು ತುಂಬಿರಲಿಲ್ಲ. ‘ಲೇಟ್ ಇಲ್ಲ, ಟೈಮಿಗೆ ಬಂದಾಳ,’ ಎಂದು ಸರ್ಕಾರದ ಪರವಾಗಿ ತೀರ್ಪು ಕೊಟ್ಟು ಅವಳಿಗೆ ಪಕ್ಕದ ಕುರ್ಚಿ ಎಳೆದೆ.