ನಮ್ಮವಳು ಏನೋ ಒಂಚೂರು ಆಡ್ತಾಳೆ

ಮಗಳ ಆಟದ ಬಗ್ಗೆ ಯಾರೇ ಕೇಳಲಿ, ನನ್ನ ಗಂಡನ ಬಾಯಿಂದ ಬರುತ್ತಿದ್ದ ಮಾತು ಒಂದೇ. "ಏನೋ, ಒಂಚೂರು ಆಡ್ತಾಳೆ." ಮೈಸೂರಿನಿಂದ ಅತ್ತೆ ಫೋನಿನಲ್ಲಿ ಕೇಳಿದರೂ ಅದೇ. ಮೆಲ್ಬೋರ್ನಿನ ವಿಂಡಮ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆಯ ಪಂಜಾಬಿ ಆಂಟಿ ಕೇಳಿದರೆ ಅದನ್ನೇ ಹಿಂದಿಯಲ್ಲಿ, ಆಫೀಸಿನವರು ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ವಾರಕ್ಕೆ ಮೂರು ದಿನ ಪ್ರಾಕ್ಟೀಸಿಗೆ ಕಾರು ಓಡಿಸಿ, ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ನಿಲ್ಲುವ ಮನುಷ್ಯ ಇವರೇ ಎಂದು ಆ ಮಾತು ಕೇಳಿದವರು ನಂಬುವುದು ಕಷ್ಟ.

ಇವರೊಬ್ಬರನ್ನೇ ಅಂದು ಏನು ಪ್ರಯೋಜನ? ಬಿಸಿಬೇಳೆಬಾತ್ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ನಾನೂ ತಕ್ಷಣ "ಉಪ್ಪು ಜಾಸ್ತಿ ಆಯ್ತೇನೋ" ಅನ್ನುವವಳೇ. ನಮ್ಮ ಮಕ್ಕಳನ್ನು ನಾವೇ ಹೊಗಳಬಾರದು, ಬೇರೆಯವರ ಮಕ್ಕಳನ್ನು ಹೊಗಳದೆ ಇರಬಾರದು. ಒಂದು ದೃಷ್ಟಿಯ ಭಯ, ಇನ್ನೊಂದು ಮರ್ಯಾದೆ. ಹುಟ್ಟಿದಾಗಿನಿಂದ ಕೇಳಿ ಬೆಳೆದದ್ದು ಒಂಬತ್ತು ಸಾವಿರ ಕಿಲೋಮೀಟರ್ ದೂರ ಬಂದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ.

ಇವರ ಬಾಯಲ್ಲಿ ಇನ್ನೊಂದು ಮಾತೂ ಇದೆ. "ಇರಲಿ ಬಿಡು." ಹಾಲು ಚೆಲ್ಲಿದರೂ, ಇಲ್ಲೇ ನೆಲೆಸಲು ಬೇಕಾದ ಪಿಆರ್ ಕಾಗದ ತಡವಾದರೂ, ಬರಬೇಕಾಗಿದ್ದ ಪ್ರಮೋಷನ್ ಇನ್ನೊಬ್ಬರಿಗೆ ಹೋದರೂ ಇರಲಿ ಬಿಡು. ಮದುವೆಯಾದಾಗಿನಿಂದ ನನಗೆ ಮೈ ಉರಿಸಿದ ಮಾತು ಇದು. ಜಗಳಕ್ಕೆ ಸರಿಯಾಗಿ ತಯಾರಾಗಿ ನಿಂತವಳ ಎದುರು ಇರಲಿ ಬಿಡು ಅಂದರೆ ಏನು ಮಾಡುವುದು ಹೇಳಿ.

ನನ್ನ ಮಗಳು ಸಾಕರ್ ಆಡುವುದು ಲೆಫ್ಟ್ ಬ್ಯಾಕ್ ಆಗಿ. ಎದುರಾಳಿಗಳು ಎಡಗಡೆಯಿಂದ ನುಗ್ಗದ ಹಾಗೆ ತಡೆಯುವುದು ಅವಳ ಕೆಲಸ. ಊರಿನ ನೆಂಟರಿಗೆ ಇದನ್ನು ಅರ್ಥ ಮಾಡಿಸುವುದರಲ್ಲಿ ನನಗೆ ಸಾಕುಸಾಕಾಗಿದೆ. "ಎಷ್ಟು ಗೋಲ್ ಹೊಡೆದಳು?" ಎಂದು ಕೇಳುತ್ತಾರೆ. ಒಂದೂ ಇಲ್ಲ ಅಂದರೆ ಪರೀಕ್ಷೆಯಲ್ಲಿ ಫೇಲಾದವಳ ತಾಯಿಯನ್ನು ಸಮಾಧಾನ ಮಾಡುವ ದನಿಯಲ್ಲಿ "ಮುಂದಿನ ಸಲ ಹೊಡೀತಾಳೆ ಬಿಡು" ಅನ್ನುತ್ತಾರೆ.

ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅವಳು ಅಮೆರಿಕದ ಕಾಲೇಜಿನಲ್ಲಿ ಓದುತ್ತ ಆಡಬೇಕು ಎಂದಳು. ಅಲ್ಲಿ ಕಾಲೇಜು ತಂಡಗಳಿಗೆ ಹುಡುಗಿಯರನ್ನು ದೇಶದೇಶಗಳಿಂದ ಆರಿಸುತ್ತಾರಂತೆ, ಆರಿಸಿದರೆ ಓದಿನ ಖರ್ಚಿನಲ್ಲೂ ನೆರವು ಕೊಡುತ್ತಾರಂತೆ. ನಮಗೆ ಸೀಟು ಎಂದರೆ ಗೊತ್ತಿದ್ದದ್ದು ಪರೀಕ್ಷೆ ಮತ್ತು ರ‍್ಯಾಂಕ್. ಇಲ್ಲಿ ರ‍್ಯಾಂಕೇ ಇಲ್ಲ. ಎಲ್ಲೋ ಕುಳಿತ ಒಬ್ಬ ಕೋಚ್ ನಮ್ಮ ಹುಡುಗಿಯನ್ನು ನೋಡಬೇಕು, ನೋಡಿ ಬೇಕು ಅನ್ನಬೇಕು. ಅವರಿಗೆ ಬರೆಯಬೇಕಾದವಳು ಹುಡುಗಿಯೇ, ಅಪ್ಪ ಅಮ್ಮ ಮೂಗು ತೂರಿಸಬಾರದು. ನನ್ನನ್ನು ಹೆಣ್ಣು ನೋಡಲು ಬಂದಾಗಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಕೋಚ್‌ಗಳಿಗೆ ಕಳಿಸಲು ಅವಳ ಆಟದ ವಿಡಿಯೋ ಮಾಡುವುದೇ ಒಂದು ಪಾಡಾಯಿತು. ಗೋಲ್ ಹೊಡೆಯುವವರಿಗೆ ತೋರಿಸಲು ಗೋಲ್ ಇರುತ್ತದೆ. ಗೋಲ್ ಆಗದಂತೆ ನೋಡಿಕೊಂಡವಳು ಏನು ತೋರಿಸಬೇಕು? ಇವರು ವರ್ಷಗಳಿಂದ ತೆಗೆದಿಟ್ಟಿದ್ದ ಮ್ಯಾಚುಗಳನ್ನೆಲ್ಲ ಜಾಲಾಡಿ, ಅವಳೇ ತುಣುಕು ಆರಿಸಿ ಜೋಡಿಸಿದಳು. ಕೋಚ್‌ಗಳಿಗೆ ಒಂದರ ಹಿಂದೊಂದು ಮೇಲ್ ಬರೆದಳು. ಹೆಚ್ಚಿನವರಿಂದ ಸದ್ದೇ ಇಲ್ಲ. ಕೆಲವರಿಂದ ಯಂತ್ರ ಬರೆದ ಹಾಗಿನ ಉತ್ತರ. ಕೊನೆಗೆ, ಚಳಿ ಪ್ರದೇಶದ ಒಂದು ಸಣ್ಣ ಕಾಲೇಜಿನ ಕೋಚ್, ಹೆಂಗಸು, ನಿಜವಾದ ಉತ್ತರ ಬರೆದರು. ಸ್ಕೂಲ್ ರಜೆಯಲ್ಲಿ ಸಿಡ್ನಿಯ ಆಯ್ಕೆ ಪಂದ್ಯಗಳಿಗೆ ಬರುತ್ತೇನೆ, ನೀನೂ ಬಂದರೆ ಖಂಡಿತ ನೋಡುತ್ತೇನೆ ಎಂದಿದ್ದರು. ನನ್ನ ಮಗಳು ಆ ಮೇಲನ್ನು ನನಗೆ ಒಂದಲ್ಲ, ಮೂರು ಸಲ ಓದಿ ಹೇಳಿದಳು. ಅವಳಿಗೆ ಇದು ಎಷ್ಟು ಬೇಕಾಗಿದೆ ಎಂದು ನನಗೆ ಅಂದೇ ತಿಳಿದದ್ದು.

ಮೂವರೂ ಸಿಡ್ನಿಗೆ ಹಾರಿ, ಪ್ಯಾರಮಟ್ಟಾದಲ್ಲಿ ಒಂದು ಅಪಾರ್ಟ್‌ಮೆಂಟ್ ಬುಕ್ ಮಾಡಿಕೊಂಡು ಉಳಿದೆವು. ಮೈದಾನದಲ್ಲಿ ಗೆರೆಯುದ್ದಕ್ಕೂ ಟೋಪಿ ಹಾಕಿದ ಕೋಚ್‌ಗಳು ಮಡಚುವ ಕುರ್ಚಿಗಳಲ್ಲಿ ಕುಳಿತಿದ್ದರು. ಬೇರೆ ಬೇರೆ ಊರಿನ ಹುಡುಗಿಯರನ್ನು ಬೆರೆಸಿ ತಂಡ ಮಾಡಿದ್ದರು. ನನ್ನ ಮಗಳಿಗೆ ಮೂರನೇ ನಂಬರ್. ಕ್ಯಾಮೆರಾ ಸ್ಟ್ಯಾಂಡನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದಕ್ಕೆ ನಾನು ಗಂಡನನ್ನು ಬೈಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದವರೊಬ್ಬರು ನಕ್ಕು, "ಕನ್ನಡವಾ? ಎಲ್ಲಿ ಆಯ್ತು ನಿಮಗೆ?" ಎಂದರು. ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ಸಿಡ್ನಿಗೆ ಬಂದು ಬಹಳ ಕಾಲವಾಗಿತ್ತು. ನಮ್ಮ ಮಗಳ ತಂಡದಲ್ಲೇ ಮುಂದೆ ನಿಂತು ಗೋಲ್ ಹೊಡೆಯುವ ಒಂಬತ್ತನೇ ನಂಬರ್ ಅವರ ಮಗಳು.

"ನಿಮ್ಮ ಹುಡುಗಿ ಉಂಟಲ್ಲ, ಭಾರೀ ಲಾಯ್ಕ್ ಆಡ್ತಾಳೆ ಮಾರಾಯ್ರೆ. ನಮ್ಮದು ಎಂಥದು, ಸುಮ್ಮನೆ ಓಡ್ತದೆ," ಎಂದರು ಅವರು.

"ಛೆ ಛೆ, ನಿಮ್ಮ ಮಗಳ ಮುಂದೆ ನಮ್ಮವಳು ಏನು ಸರ್? ಏನೋ ಒಂಚೂರು ಆಡ್ತಾಳೆ," ಎಂದರು ಇವರು.

ಇಬ್ಬರಿಗೂ ಬಹಳ ಸಂತೋಷವಾಯಿತು. ಆಟದ ನಡುವಿನ ವಿರಾಮದವರೆಗೂ ಇದೇ ನಡೆಯಿತು.

ವಿರಾಮದಲ್ಲಿ ನಾನು ಹೆಚ್ಚಿದ ಕಿತ್ತಳೆಯ ಡಬ್ಬಿ ಹಿಡಿದು ಮಗಳ ಕಡೆ ಹೊರಟಿದ್ದೆ. ಅಷ್ಟರಲ್ಲಿ, ಅವಳಿಗೆ ಉತ್ತರ ಬರೆದಿದ್ದ ಆ ಕೋಚ್ ತಾವಾಗಿಯೇ ಎದ್ದು ಇವರ ಬಳಿ ಬಂದರು. ಮೂರನೇ ನಂಬರಿನ ತಂದೆ ನೀವೇನಾ ಎಂದು ಕೇಳಿ, "ನಿಮ್ಮ ಮಗಳ ಬಗ್ಗೆ ಹೇಳಿ" ಎಂದರು. ನನ್ನ ಗಂಡ ಕೈ ಕಟ್ಟಿಕೊಂಡು, ಮುಖದ ತುಂಬ ವಿನಯ ತುಂಬಿಕೊಂಡು, ಇಂಗ್ಲಿಷಿನಲ್ಲಿ ಹೇಳಿದರು. ಅವಳು ಸಾಧಾರಣ ಆಟಗಾರ್ತಿ. ಕಲಿಯುವುದು ಇನ್ನೂ ಬಹಳ ಇದೆ. ಅಲ್ಲಿ ನೋಡಿ, ಆ ಒಂಬತ್ತನೇ ನಂಬರ್, ಆಟ ಅಂದರೆ ಅವಳದು.

ಕೋಚ್ ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಕುರ್ಚಿ ಎತ್ತಿಕೊಂಡು ಒಂಬತ್ತನೇ ನಂಬರ್ ಓಡುವ ತುದಿಗೆ ಹೊರಟುಹೋದರು. ನೀರಿನ ಬಾಟಲಿಗೆಂದು ಬಂದ ನನ್ನ ಮಗಳು ನನ್ನ ಹಿಂದೆಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಅಂದು ಸಂಜೆ ಪಕ್ಕದ ಬಡಾವಣೆ ಹ್ಯಾರಿಸ್ ಪಾರ್ಕ್‌ನ ಹೋಟೆಲಿನಲ್ಲಿ ಮಸಾಲೆ ದೋಸೆ ಅವಳ ಮುಂದೆ ಆರುತ್ತ ಬಿದ್ದಿತ್ತು. ಕೋಚ್ ಎರಡನೇ ಸಲ ನಮ್ಮ ಕಡೆ ಬಂದಿರಲಿಲ್ಲ. ಅವಳು ಯಾವಾಗಲೂ ಮಾತಾಡುವಂತೆ ಇಂಗ್ಲಿಷಿನಲ್ಲೇ ಮಾತಾಡಿದಳು. ಅವರು ನನ್ನನ್ನು ನೋಡಲಿ ಅಂತ ನಾನು ಎಷ್ಟು ಒದ್ದಾಡಿದೆ, ನೀನು ಒಂದೇ ನಿಮಿಷದಲ್ಲಿ ಕಳಿಸಿಬಿಟ್ಟೆಯಲ್ಲ ಅಪ್ಪಾ.

"ಅದು ಮರ್ಯಾದೆಗೆ ಹೇಳೋ ಮಾತು ಪುಟ್ಟ."

ಅವರಿಗೆ ಅದು ಹೇಗೆ ಗೊತ್ತಾಗಬೇಕು? ನನಗಾದರೂ ಹೇಗೆ ಗೊತ್ತಾಗಬೇಕು? ನಾನು ಸಾಧಾರಣ ಅಂತಲೇ ನಿನಗೆ ಅನ್ನಿಸುತ್ತದಾ? ಎಂದು ಕೇಳಿದಳು ಅವಳು.

ಆಗಲಾದರೂ ಬಾಯಿ ಬಿಡಬೇಕೋ ಬೇಡವೋ? ಇವರು ತಟ್ಟೆ ನೋಡಿಕೊಂಡು, "ಇರಲಿ ಬಿಡು. ದೋಸೆ ತಿನ್ನು, ಆರಿಹೋಗತ್ತೆ" ಎಂದರು. ಸಾಂಬಾರಿನ ಬಟ್ಟಲನ್ನು ಇವರ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಮಗಳು ಎದ್ದು ಹೊರಗೆ ಹೋಗಿ ಕಾಯುತ್ತ ನಿಂತಳು.

ಮೆಲ್ಬೋರ್ನಿಗೆ ಮರಳಿದ ಮೇಲೆ ಅವಳು ಕೋಚ್‌ಗೆ ವಂದನೆ ತಿಳಿಸಿ ಬರೆದಳು. ಉತ್ತರ ಬರಲಿಲ್ಲ. ಪ್ರಾಕ್ಟೀಸಿಗೆ ಹೋಗುವ ಕಾರಿನಲ್ಲಿ ಅಪ್ಪ ಮಗಳ ನಡುವೆ ರೇಡಿಯೋ ಮಾತ್ರ ಮಾತಾಡುತ್ತಿತ್ತು. ಇವರು ಸೊರಗಿದ್ದು ನನಗೆ ಕಾಣುತ್ತಿತ್ತು. ಪಾಪ ಅನ್ನಿಸಿದರೂ ನಾನು ತೋರಿಸಿಕೊಳ್ಳಲಿಲ್ಲ. ಹೀಗೆ ಕೆಲವು ವಾರ ಕಳೆದ ಮೇಲೆ ಕೋಚ್ ಬರೆದರು. ವಿಡಿಯೋ ಕಾಲ್‌ನಲ್ಲಿ ಮಾತಾಡಬೇಕು, ನಿನ್ನ ತಂದೆ ತಾಯಿಯೂ ಇರಲಿ, ಅದರಲ್ಲೂ ತಂದೆ.

ನಾನು ಇವರಿಗೆ ಪಾಠ ಶುರುಮಾಡಿದೆ. ಇವರು ಶರ್ಟ್ ಇಸ್ತ್ರಿ ಮಾಡುತ್ತಿರುವಾಗ ಎದುರು ನಿಂತು, "ಎಲ್ಲಿ ಹೇಳಿ ನೋಡೋಣ, ಮೈ ಡಾಟರ್ ಈಸ್ ಎ ವೆರಿ ಗುಡ್ ಪ್ಲೇಯರ್" ಎಂದೆ.

"ಮೈ ಡಾಟರ್ ಈಸ್ ಎ…" ಎಂದು ಇವರು ಅಲ್ಲೇ ನಿಂತರು. "ಮ್ಯಾಟ್ರಿಮೋನಿಗೆ ಹಾಕಿದ ಹಾಗಿದೆ ಕಣೇ. ನಾಲಿಗೆ ಹೊರಳ್ತಾ ಇಲ್ಲ."

"ನಾಲಿಗೆ ಹೊರಳದೆ ಇದ್ರೆ ಸುಮ್ನೆ ಕೂತ್ಕೊಳ್ಳಿ. ಸಾಧಾರಣ ಅನ್ನೋ ಮಾತು ಬಾಯಿಂದ ಬಂದ್ರೆ ಮಾತ್ರ ನಾನು ಸುಮ್ನಿರಲ್ಲ ರೀ."

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರೂ ಒತ್ತಾಗಿ ಕುಳಿತೆವು. ಅಲ್ಲಿ ಶುಕ್ರವಾರದ ಸಂಜೆ. ಕೋಚ್ ಮಗಳ ಓದಿನ ಬಗ್ಗೆ ಸ್ವಲ್ಪ ಕೇಳಿ, ಆಮೇಲೆ ನನ್ನ ಗಂಡನ ಕಡೆ ತಿರುಗಿದರು.

"ನೀವು ಹೇಳಿದ ಹಾಗೆ ಒಂಬತ್ತನೇ ನಂಬರನ್ನು ನೋಡಲು ಹೋದೆ. ನಿಜಕ್ಕೂ ಚೆನ್ನಾಗಿ ಆಡುತ್ತಾಳೆ. ಆದರೆ ಅವಳ ತಂದೆ ಅಲ್ಲಿಗೆ ಬಂದು, ನನ್ನ ಮಗಳು ಸುಮ್ಮನೆ ಓಡುತ್ತಾಳೆ ಅಷ್ಟೆ, ನಿಮಗೆ ಒಳ್ಳೆಯ ಆಟಗಾರ್ತಿ ಬೇಕಾದರೆ ಆ ಮೂರನೇ ನಂಬರನ್ನು ನೋಡಿ ಎಂದರು. ಇಷ್ಟು ವರ್ಷದ ಕೆಲಸದಲ್ಲಿ ಎಲ್ಲ ತಂದೆಯರೂ ತಮ್ಮ ಮಗಳನ್ನೇ ಹೊಗಳಿದ್ದನ್ನು ಕೇಳಿದ್ದೇನೆ. ಇಂಥದ್ದು ಇದೇ ಮೊದಲು. ಅದಕ್ಕೇ ಉಳಿದ ಆಟವನ್ನೆಲ್ಲ ದೂರದಿಂದ ನಿಮ್ಮ ಮಗಳ ಮೇಲೆ ಕಣ್ಣಿಟ್ಟು ನೋಡಿದೆ. ನಾನು ಕಂಡದ್ದು ನನಗೆ ಗೊತ್ತು. ಈಗ ನೀವು ಹೇಳಿ. ಪಕ್ಕದವರ ಮಗಳ ವಿಷಯ ಬೇಡ, ನಿಮ್ಮ ಮಗಳ ವಿಷಯ."

ನಾನು ಮೇಜಿನ ಕೆಳಗೆ ಇವರ ಕಾಲು ಒತ್ತಿದೆ. ಮಗಳು ಪರದೆಯನ್ನೇ ದಿಟ್ಟಿಸುತ್ತಿದ್ದಳು, ಅಪ್ಪನ ಕಡೆ ತಿರುಗಲಿಲ್ಲ.

ನಾನು ಹೇಳಿಕೊಟ್ಟ ವಾಕ್ಯವನ್ನು ಇವರು ಹೇಳಲಿಲ್ಲ. ತಮ್ಮದೇ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ನಾನು ಯಾವಾಗಲೂ ಕ್ಯಾಮೆರಾ ಹಿಂದೆ ಇರುತ್ತೇನೆ. ನಮ್ಮ ತಂಡ ಗೋಲ್ ಬಿಟ್ಟುಕೊಟ್ಟಾಗ ಎಲ್ಲರೂ ತಲೆ ತಗ್ಗಿಸುತ್ತಾರೆ. ನನ್ನ ಮಗಳು ಮಾತ್ರ ಹೋಗಿ ಬಲೆಯೊಳಗಿಂದ ಚೆಂಡು ಎತ್ತಿಕೊಂಡು, ಗೋಲ್‌ಕೀಪರ್ ಹುಡುಗಿಯ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳುತ್ತಾಳೆ. ಪ್ರತಿ ಸಲವೂ. ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ, ಕ್ಯಾಮೆರಾದಲ್ಲಿ ಕೇಳಿಸುವುದಿಲ್ಲ. ಆದರೆ ಆ ಹುಡುಗಿ ಮತ್ತೆ ನೆಟ್ಟಗೆ ನಿಲ್ಲುತ್ತಾಳೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅಷ್ಟನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತೇನೆ." ಇವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅವಳು ಸಾಧಾರಣ ಅಲ್ಲ. ನಾನು ಹಾಗೆ ಹೇಳಬಾರದಿತ್ತು. ಅವಳು ಬಹಳ ಒಳ್ಳೆಯ ಆಟಗಾರ್ತಿ."

ಮಗಳು ಈಗ ಅಪ್ಪನ ಕಡೆ ತಿರುಗಿದ್ದಳು. ನನಗಂತೂ ಕಣ್ಣು ತುಂಬಿ ಪರದೆಯೇ ಕಾಣುತ್ತಿರಲಿಲ್ಲ.

ಕೋಚ್ ಮಗಳನ್ನು ಕೇಳಿದರು. "ಏನು ಹೇಳುತ್ತೀಯ ಆ ಹುಡುಗಿಗೆ?"

ಅವಳ ಮುಖ ಕೆಂಪಾಯಿತು. "ಇರಲಿ ಬಿಡು," ಎಂದಳು. ಕನ್ನಡದಲ್ಲೇ ಹೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ, ಅದು ನಮ್ಮ ಅಪ್ಪನ ಮಾತು, ನಾನು ಏನು ಬೀಳಿಸಲಿ, ಒಡೆಯಲಿ, ಗಣಿತದಲ್ಲಿ ಮಾರ್ಕ್ಸ್ ಕಳೆಯಲಿ, ಅಪ್ಪ ಅದನ್ನೇ ಹೇಳುತ್ತಾರೆ, ಆದದ್ದು ಆಯಿತು ಬಾ ಅಂತ ಅರ್ಥ ಎಂದು ವಿವರಿಸಿದಳು. ಗೋಲ್‌ಕೀಪರ್ ಗ್ರೀಕರ ಮನೆಯ ಹುಡುಗಿ, ಈಗ ಅವಳೂ ನನಗೆ ವಾಪಸ್ ಅದನ್ನೇ ಹೇಳುತ್ತಾಳೆ ಎಂದಳು.

ನನ್ನ ಮೈ ಉರಿಸಿದ ಆ ಮಾತು ನನ್ನ ಮಗಳಿಗೆ ಹೀಗೆ ಕೇಳಿಸುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಗಂಡ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸುತ್ತಲೇ ಇದ್ದರು.

ಕೋಚ್ ನಕ್ಕರು. ಹನ್ನೆರಡನೇ ಕ್ಲಾಸಿನ ಅಂಕಗಳನ್ನು ಕಾಲೇಜಿನವರು ನೋಡಬೇಕು, ಅವರು ಒಪ್ಪಬೇಕು, ಅದು ನನ್ನ ಕೈಯಲ್ಲಿಲ್ಲ ಎಂದರು. "ನನ್ನ ಕೈಯಲ್ಲಿ ಇರುವುದನ್ನು ಹೇಳುತ್ತೇನೆ. ನನ್ನ ತಂಡದಲ್ಲಿ ನೀನು ನನಗೆ ಬೇಕು."

ಕಾಲ್ ಮುಗಿದ ಮೇಲೆ ಮನೆಯಲ್ಲಿ ಎಂಥ ಗಲಾಟೆ ಎಂದರೆ ಪಕ್ಕದ ಮನೆಯ ಆಂಟಿ ಬೇಲಿಯ ಮೇಲಿಂದ ಇಣುಕಿ ಏನಾಯಿತು ಎಂದು ಕೇಳಿದರು. ಅಂಕಗಳ ಚಿಂತೆ ಇನ್ನೂ ಬಾಕಿ ಇದೆ. ಆದರೆ ಈಗ ಅವಳು ಯಾರೂ ಎಬ್ಬಿಸದೆ ಎದ್ದು ಓದಲು ಕೂರುತ್ತಾಳೆ. ಅಪ್ಪ ಮಗಳು ಕಾರಿನಲ್ಲಿ ರೇಡಿಯೋ ಹಾಕುವುದನ್ನೂ ಬಿಟ್ಟಿದ್ದಾರಂತೆ.

ಕಾಲ್ ಆದ ದಿನ ಸಂಜೆಯೇ ಇವರು, ಮೈದಾನದಲ್ಲೇ ನಂಬರ್ ಕೊಟ್ಟಿದ್ದ ಸಿಡ್ನಿಯ ಮಂಗಳೂರಿನವರಿಗೆ ಫೋನ್ ಮಾಡಿ, ನಿಮ್ಮಿಂದ ಬಹಳ ಉಪಕಾರವಾಯಿತು ಎಂದು ನಡೆದದ್ದನ್ನೆಲ್ಲ ಹೇಳಿದರು. ಅವರ ಮಗಳು ಅಮೆರಿಕದ ಯೋಚನೆ ಬಿಟ್ಟು, ಸಿಡ್ನಿಯಲ್ಲೇ ಒಂದು ಕ್ಲಬ್‌ನ ದೊಡ್ಡವರ ತಂಡ ಸೇರಿದ್ದಳಂತೆ.

"ನಾನು ಅವತ್ತೇ ಹೇಳ್ಲಿಲ್ವಾ ಮಾರಾಯ್ರೆ," ಎಂದು ಸ್ಪೀಕರಿನಿಂದ ಅವರ ದನಿ ಬಂತು. "ನಿಮ್ಮ ಹುಡುಗಿ ಭಾರೀ ಲಾಯ್ಕ್ ಆಡ್ತಾಳೆ. ನಮ್ಮದು ಎಂಥದು…"

"ಅಯ್ಯೋ ಇಲ್ಲ ಸರ್, ನಮ್ಮವಳು ಏನೋ ಒಂಚೂ…"

ಮಣ್ಣಾದ ಬೂಟು ಕೈಯಲ್ಲಿ ಹಿಡಿದು ಹಿತ್ತಲಿಗೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತಳು. ಇವರು ಅವಳನ್ನು ನೋಡಿದರು.

"ನಮ್ಮವಳು ಚೆನ್ನಾಗಿ ಆಡ್ತಾಳೆ ಸರ್," ಎಂದರು. "ನಿಮ್ಮವಳೂ ಚೆನ್ನಾಗಿ ಆಡ್ತಾಳೆ."

ಆ ಕಡೆ ಅವರು ನಕ್ಕರು. ಆಮೇಲೆ, "ಹೌದು ಮಾರಾಯ್ರೆ. ನಮ್ಮದೂ ಲಾಯ್ಕ್ ಆಡ್ತದೆ," ಎಂದರು ಅವರು. ಅವರ ಹಿಂದೆ ಎಲ್ಲಿಂದಲೋ ಒಂದು ಹುಡುಗಿಯ ದನಿ, ಡ್ಯಾಡಿ, ಈಗ ಏನು ಹೇಳಿದ್ದು, ಇನ್ನೊಂದು ಸಲ ಹೇಳು ಎಂದು ಇಂಗ್ಲಿಷಿನಲ್ಲಿ ಕೂಗಿತು.

ನಾನು ಅಡುಗೆಮನೆಗೆ ಹೋಗಿ ಹಿಡಿ ಉಪ್ಪು ತಂದು, ಇಬ್ಬರು ಹುಡುಗಿಯರಿಗೂ ಸೇರಿಸಿ ನನ್ನ ಮಗಳಿಗೇ ದೃಷ್ಟಿ ತೆಗೆದೆ. ಬೂಟು ಹಿಡಿದುಕೊಂಡೇ ಅವಳು ಅಲ್ಲಾಡದೆ ನಿಂತಿದ್ದಳು.